ತವರಿನ ಪಹಣಿ

ನನ್ನ ತವರೂರು ಮದ್ದೂರು ಎಂದ ಕೂಡಲೇ ಕೇಳಿದವರೆಲ್ಲ "ಓಹೋ, ವಡೆ ಮದ್ದೂರಾ?" ಎನ್ನುತ್ತಾರೆ. ಅಲ್ಲ, ಅದು ಮಂಡ್ಯ ಜಿಲ್ಲೆಯದು. ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿದೆ. "ನಮ್ಮೂರಲ್ಲಿ ವಡೆ ಸಿಗೋದಿಲ್ಲ, ಆನೆ ಬೇಕಾದರೆ ಸಿಗುತ್ತೆ" ಎಂದು ನಗಿಸಿ ಮಾತು ಮುಗಿಸುತ್ತೇನೆ.

ನಾನು ಚಿಕ್ಕವಳಿದ್ದಾಗ ಆ ರಸ್ತೆಯಲ್ಲಿ ರಾತ್ರಿಯೆಲ್ಲ ತರಕಾರಿ ತುಂಬಿದ ಲಾರಿಗಳು ಕೇರಳದ ಕಡೆಗೆ ಹೋಗುತ್ತಿದ್ದವು. ಆ ಸದ್ದು ಕೇಳುತ್ತಲೇ ನಮಗೆ ನಿದ್ದೆ ಬರುತ್ತಿತ್ತು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನೊಳಗೆ ವಾಹನ ಹೋಗಬಾರದೆಂಬ ನಿಯಮ 2009ರಲ್ಲಿ ಬಂತು. 2010ರ ಮಾರ್ಚ್‌ನಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಕುರಿತು ಪೇಟೆಯಲ್ಲಿ ಏನೇನೋ ವಾದಗಳು ನಡೆದವು. ನಮ್ಮವ್ವ ಹೇಳಿದ್ದು ಒಂದೇ ಮಾತು: "ಈಗ ವಾಸಿ ಕಣವ್ವ, ಆನೆ ಬಂದ್ರೆ ಬಾಳೆ ಮುರಿಯೋ ಸದ್ದು ಕೇಳ್ತದೆ."

ಅವಳಿಗೆ ಆ ಸದ್ದು ಚೆನ್ನಾಗಿ ಗೊತ್ತು. ನಮ್ಮದು ನಾಲ್ಕು ಎಕರೆ ಹೊಲ, ಒಂದು ಕೊಳವೆಬಾವಿ. ರಾಗಿ, ಜೋಳ, ಹುರುಳಿ, ಅವರೆ; ನೀರಿದ್ದ ಕಡೆ ಅರಿಸಿನ, ಬಾಳೆ. ಪೈರು ಕೈಗೆ ಬರುವ ಹೊತ್ತಿಗೆ ಹಂದಿ, ಆನೆ ಬರುತ್ತವೆ. ಮರದ ಮೇಲಿನ ಅಟ್ಟಣೆಯಲ್ಲಿ ಅಪ್ಪ ಕಾವಲು ಕೂತರೆ, ಕೆಳಗೆ ಬೆಂಕಿ ಹಾಕಿಕೊಂಡು ಅವ್ವ ಕೂರುತ್ತಿದ್ದಳು. ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ತಗಡು ಬಡಿಯುವ ಕೆಲಸವೂ ಅವಳದೇ ಆಯಿತು. ಬೆಳೆ ತುಳಿದು ಹೋದ ವರ್ಷ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಕೊಡಬೇಕಾದರೆ ಪಹಣಿ ಲಗತ್ತಿಸಬೇಕು. ಪಹಣಿಯಲ್ಲಿದ್ದದ್ದು ಅಪ್ಪನ ಹೆಸರು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಬಿ.ಎ. ಓದುತ್ತಿದ್ದ ನನಗೂ ಅನ್ನಿಸಿರಲಿಲ್ಲ.

ನನ್ನ ಮದುವೆಯಾದದ್ದು 1993ರಲ್ಲಿ. ಮರುವರ್ಷ, 1994ರ ಜುಲೈ 30ರಿಂದ, ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಇರಲಿಲ್ಲ. ಹಾಗಾಗಿ 1997ರಲ್ಲಿ ಮದುವೆಯಾದ ನನ್ನ ತಂಗಿಗೆ ಹಕ್ಕಿತ್ತು, ನನಗಿರಲಿಲ್ಲ. "ಅವಸರ ಮಾಡಿಬಿಟ್ಟೆ ಅಕ್ಕ" ಎಂದು ಅವಳು ಹಾಸ್ಯ ಮಾಡುತ್ತಿದ್ದಳು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ನಮ್ಮ ಹಳೆಯ ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆಂದು ಒಂದು ಕಾಯ್ದೆ ಮಾಡಿತ್ತು. ಇದನ್ನೆಲ್ಲ ಹತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಹೇಳುವುದು ಸುಲಭ.

ಅಪ್ಪ 2019ರಲ್ಲಿ ತೀರಿಕೊಂಡರು. ಪೌತಿ ಖಾತೆಯ ಸುದ್ದಿಗೆ ನಾಲ್ಕು ವರ್ಷ ಯಾರೂ ಹೋಗಲಿಲ್ಲ. ಪಹಣಿ ಸತ್ತವರ ಹೆಸರಿನಲ್ಲಿದ್ದರೆ ಸಹಕಾರ ಸಂಘದಲ್ಲಿ ಸಾಲ ಎತ್ತುವುದೂ ಕಷ್ಟ, ಪರಿಹಾರ ಕೇಳುವುದೂ ಕಷ್ಟ. ಅದರ ಜೊತೆಗೆ ಶುಂಠಿ ಬೆಳೆಯಲು ಗುತ್ತಿಗೆಗೆ ಹೊಲ ಕೇಳಿಕೊಂಡು ಕೇರಳದ ಕಡೆಯವರು ಬಂದಿದ್ದರು. ಅಣ್ಣ ಫೋನ್ ಮಾಡಿ, "ನೀನೂ ಅವಳೂ ಒಂದಿನ ಬಂದು ಹಕ್ಕು ಬಿಡುಗಡೆಗೆ ಸೈನ್ ಹಾಕ್ಬುಟ್ಟು ಹೋಗಿ. ಸೀರೆ ತಂದಿಟ್ಟಿವ್ನಿ" ಎಂದ. ಅವನ ದನಿಯಲ್ಲಿ ಕೇಡಿರಲಿಲ್ಲ. ಊರಲ್ಲಿ ಎಲ್ಲ ಅಕ್ಕತಂಗಿಯರೂ ಮಾಡುವುದನ್ನೇ ಅವನು ಕೇಳಿದ್ದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಸಂಬಳವಿದೆ, ಹೊಲ ಉಳಲು ನಾನು ಹೋಗುವುದಿಲ್ಲ. ಕೇಳಿದರೆ ಒಂದು ಎಕರೆಯ ಹತ್ತಿರ ಬರಬಹುದು, ತವರಿನ ದಾರಿ ಮುಚ್ಚಬಹುದು. ಕೇಳದಿದ್ದರೆ ನಾಳೆ ತರಗತಿಯಲ್ಲಿ ಯಾವ ಮುಖದಿಂದ ಪಾಠ ಹೇಳಲಿ? ಹೆಣ್ಣುಮಕ್ಕಳಿಗೆ ತವರಿನ ಹೊಲಕ್ಕಿಂತ ತವರಿನ ಹೊಸಿಲು ದೊಡ್ಡದು. ಇದು ಎಲ್ಲ ಅಣ್ಣತಮ್ಮಂದಿರಿಗೂ ಗೊತ್ತು.

2023ರ ಆಗಸ್ಟ್‌ನಲ್ಲಿ ಹೊರಟೆ. ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿತ್ತು. ನಂಜನಗೂಡಿನಿಂದ ಬೇಗೂರು, ಗುಂಡ್ಲುಪೇಟೆ, ಅಲ್ಲಿ ಬಸ್ಸು ಬದಲಾಯಿಸಿ ಮದ್ದೂರು. ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು ಹಳದಿ, ಕೇಸರಿಯಾಗಿ ಹರಡಿಕೊಂಡಿದ್ದವು. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಹೂವು ಅದು. ಕೇರಳದಿಂದ ಕಾರಿನಲ್ಲಿ ಬಂದವರು ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಎಲ್ಲ ಹೊಲವೂ ಒಂದೇ, ಯಾರ ಹೆಸರಿನಲ್ಲಿದ್ದರೇನು!

ಊಟವಾದ ಮೇಲೆ ಅಣ್ಣ ಕಾಗದಗಳನ್ನು ಹರಡಿದ. ಅವ್ವ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದವಳು ಪಹಣಿಯನ್ನು ನನ್ನ ಕೈಗೆ ಕೊಟ್ಟು, "ಓದು" ಎಂದಳು. ಸರ್ವೆ ನಂಬರು, ವಿಸ್ತೀರ್ಣ, ಒಂಬತ್ತನೆಯ ಕಾಲಮಿನಲ್ಲಿ ಸ್ವಾಧೀನದಾರರ ಹೆಸರು, ಹನ್ನೆರಡರಲ್ಲಿ ಸಾಗುವಳಿದಾರರ ಹೆಸರು, ಎರಡರಲ್ಲೂ ಅಪ್ಪನದೇ. ಓದಿದೆ.

"ನನ್ ಹೆಸ್ರು ಎಲ್ಲದೆ?"

ಯಾರೂ ಮಾತಾಡಲಿಲ್ಲ.

"ಉತ್ತೋರು ಅಂತ ಒಂದು ಸಾಲದೆ ಅಂದ್ಯಲ್ಲ, ಅಲ್ಲೂ ಇಲ್ವಾ?"

ನನಗೆ ನಾಚಿಕೆಯಾಯಿತು. ವಾರವೆಲ್ಲ ನಾನು ನನ್ನ ಪಾಲು, ನನ್ನ ಪಾಠ, ನನ್ನ ತವರು ಎಂದು ಲೆಕ್ಕ ಹಾಕಿದ್ದೆ. ಐವತ್ತು ವರ್ಷ ಆ ಮಣ್ಣಿನಲ್ಲಿ ಕೈ ಇಟ್ಟವಳು ಲೆಕ್ಕಕ್ಕೇ ಬಂದಿರಲಿಲ್ಲ. ಗಂಡ ಸತ್ತರೆ ಹೆಂಡತಿಗೂ ಪಾಲಿದೆ ಎಂದು ನಾನೇ ಪಾಠ ಮಾಡಿದ್ದವಳು!

"ನಾನೇನು ನಿನ್ನ ಉಪವಾಸ ಕೆಡವ್ತೀನಾ ಅವ್ವ?" ಎಂದ ಅಣ್ಣ.

"ಇಲ್ಲ ಕಣಪ್ಪ, ನೀ ಇಕ್ತೀಯ. ಇಕ್ಕಿಸ್ಕಂಡು ಉಣ್ಣೋದು ಬೇರೆ, ಉಣ್ಣೋದು ಬೇರೆ."

ಅವಳಿಗೆ ಶುಂಠಿಯೂ ಇಷ್ಟವಿರಲಿಲ್ಲ. ಶುಂಠಿ ಬೆಳೆದವರು ಮುಂದಿನ ವರ್ಷ ಬೇರೆ ಹೊಲ ಹುಡುಕಿಕೊಂಡು ಹೋಗುತ್ತಾರೆ, ಬಳಲಿದ ಮಣ್ಣು ನಮಗುಳಿಯುತ್ತದೆ ಎಂಬುದು ಅವಳ ವಾದ.

ರಾತ್ರಿ ಜಗಲಿಯಲ್ಲಿ ಮಲಗಿದ್ದಾಗ, ಮನಸ್ಸು ಹಗುರವಾಗಲೆಂದು ಅವಳಿಗೆ ಇಂಡೋನೇಷ್ಯದ ಸಂಗತಿ ಹೇಳಿದೆ. ಅಲ್ಲಿ ಸುಮಾತ್ರಾ ದ್ವೀಪದ ಪಶ್ಚಿಮ ಭಾಗದಲ್ಲಿ ಮಿನಾಂಗ್‌ಕಬಾವ್ ಎಂಬ ಜನರಿದ್ದಾರೆ. ಮುಸ್ಲಿಮರು, ಬತ್ತ ಬೆಳೆಯುವ ರೈತರು. ಅವರಲ್ಲಿ ಹಿರಿಯರ ಗದ್ದೆ, ಮನೆ ತಾಯಿಯಿಂದ ಹೆಣ್ಣುಮಕ್ಕಳಿಗೆ ಬರುತ್ತದೆ. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗುತ್ತಾನೆ. ಹರೆಯದ ಗಂಡಸರು ದುಡಿಮೆ ಹುಡುಕಿಕೊಂಡು ಊರೂರು ತಿರುಗುವುದೂ ಅವರಲ್ಲಿ ರೂಢಿ.

ಅವ್ವ ಎದ್ದು ಕೂತಳು. "ಹಂಗಾದ್ರೆ ಅಲ್ಲಿ ಗಂಡಸ್ರು ತವರ ನೆನಸ್ಕಂಡು ಅಳ್ತಾರಾ?"

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಒಳಗೆ ಅತ್ತಿಗೆ ನಕ್ಕದ್ದೂ ಕೇಳಿಸಿತು.

ಮಾರನೆಯ ದಿನ ನಾನೂ ತಂಗಿಯೂ ಒಂದೇ ಮಾತು ಹೇಳಿದೆವು: ಬಾವಿಯ ಪಕ್ಕದ ಒಂದು ಎಕರೆ ಅವ್ವನ ಹೆಸರಿಗೆ ಬರಲಿ, ನೀರಿನಲ್ಲಿ ಮೂವರಿಗೂ ಹಕ್ಕಿರಲಿ, ಮಿಕ್ಕ ಮೂರು ಎಕರೆ ಅಣ್ಣತಮ್ಮ ಹಂಚಿಕೊಳ್ಳಲಿ, ಆಗ ನಾವು ಸಹಿ ಹಾಕುತ್ತೇವೆ. ತಮ್ಮ ತಲೆಯಾಡಿಸಿದ. ಅಣ್ಣ ಎದ್ದು ಹೊರಗೆ ಹೋದ. ಬಾವಿಯ ಪಕ್ಕದ್ದನ್ನೇ ಕೇಳಿದೆವೆಂಬುದು ಅವನಿಗೆ ನೋವಾಗಿತ್ತು. ಹದಿನೈದು ದಿನ ಕಳೆದ ಮೇಲೆ ಒಪ್ಪಿ, ಗುಂಡ್ಲುಪೇಟೆಯಲ್ಲಿ ಪತ್ರ ನೋಂದಣಿಯಾಯಿತು. ನಾವು ಸಹಿ ಮಾಡಿದೆವು, ಅವ್ವ ಹೆಬ್ಬೆಟ್ಟು ಒತ್ತಿದಳು. ಅಣ್ಣ ನನ್ನ ಮುಖ ನೋಡಲಿಲ್ಲ. ತಂದಿಟ್ಟ ಸೀರೆಯ ಮಾತೂ ಬರಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು. ಬಾಗಿಲಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ನೋಡಿದೆ. ಕಾನೂನು ಓದಿದ ಹೆಂಗಸು ಮೊರದ ಬಾಗಿನಕ್ಕೆ ಅತ್ತಳೆಂದರೆ ನಗುವವರು ನಗಲಿ.

ನನ್ನ ಪಾಲನ್ನು ನಾನು ಬಿಟ್ಟುಕೊಟ್ಟದ್ದು ಸರಿಯೇ ಎಂದು ಈಗಲೂ ಒಮ್ಮೊಮ್ಮೆ ಕೇಳಿಕೊಳ್ಳುತ್ತೇನೆ. ತರಗತಿಯ ಹುಡುಗಿಯರಿಗೆ ಈಗ ಕಾಯ್ದೆಯ ಜೊತೆ ಇನ್ನೊಂದು ಮಾತು ಸೇರಿಸುತ್ತೇನೆ: ಮನೆಗೆ ಹೋಗಿ ಪಹಣಿ ತೆಗೆದು ನೋಡಿ, ನಿಮ್ಮ ಅವ್ವನ ಹೆಸರು ಎಲ್ಲಾದರೂ ಇದೆಯಾ ಎಂದು.

2024ರ ಗೌರಿ ಹಬ್ಬದ ಹಿಂದಿನ ದಿನ ಫೋನು ಬಂತು. ಒಂದು ವರ್ಷದ ಮೇಲೆ ಅಣ್ಣನ ದನಿ. "ಅವ್ವ ಬಸ್ಸು ಹತ್ತವ್ಳೆ. ಬಸ್ಟ್ಯಾಂಡಿಗೆ ಬಂದು ಇಳಿಸ್ಕೊ" ಎಂದಷ್ಟೇ ಹೇಳಿ ಇಟ್ಟ.

ಬಾಗಿನ ಕಟ್ಟಿದ್ದು ಅತ್ತಿಗೆ, ಹೊತ್ತು ತಂದದ್ದು ಅವ್ವ. ಜೊತೆಗೆ ಅವಳ ಎಕರೆಯಲ್ಲಿ ಬೆಳೆದ ಎರಡು ಸೇರು ಹುರುಳಿ. ಮನೆಗೆ ಬಂದು ಕಾಲು ತೊಳೆದು ಕೂತವಳು ಎಲೆಅಡಿಕೆ ಸಂಚಿಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದಳು. ಮಡಿಕೆಗಳಲ್ಲಿ ಸುಣ್ಣ ಹತ್ತಿತ್ತು.

"ಓದು" ಎಂದಳು.

ಒಂಬತ್ತನೆಯ ಕಾಲಮಿನಲ್ಲಿದ್ದ ಹೆಸರನ್ನು ಓದಿದೆ.

"ಇನ್ನೊಂದ್ಸಲ ಓದು."