ಅಡಿಕೆ ತೋಟದವರ ಪರದೇಶ ಪ್ರವಾಸ

ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗರು ಪರದೇಶಕ್ಕೆ ಹೊರಡುವುದು ಬಹುಮಟ್ಟಿಗೆ ಮಗನನ್ನೋ ಮಗಳನ್ನೋ ನೋಡಲಿಕ್ಕೆ. "ಜೂನಿನಲ್ಲಿ ಬನ್ನಿ, ಚಳಿಯಿರುವುದಿಲ್ಲ, ಮೊಮ್ಮಕ್ಕಳಿಗೂ ರಜೆ" ಎಂದು ಅಮೆರಿಕದ ಮಕ್ಕಳು ಕರೆಯುತ್ತಾರೆ. ಮಾತೇನೋ ನ್ಯಾಯವಾದದ್ದೇ. ಆದರೆ ಜೂನೆಂದರೆ ಇತ್ತ ಮಳೆ ಹಿಡಿಯುವ ಕಾಲ. ಅದಕ್ಕೆ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಗಳಿಗೆ ಇನ್ನೊಮ್ಮೆ ಕೊನೆಗಳಿಗೆ ಮದ್ದು ಹೊಡೆಸದಿದ್ದರೆ ಕೊಳೆರೋಗ ತಗುಲಿ ಕಾಯೆಲ್ಲ ನೆಲಕ್ಕೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು, ಲೆಕ್ಕ ಸುಲಭ. ಕೊನೆಗೌಡ ಸಿಕ್ಕಬೇಕು, ಮಳೆ ಎರಡು ದಿನ ಬಿಡುವು ಕೊಡಬೇಕು, ಅದೇ ಕಷ್ಟ. ಚಳಿಗಾಲದಲ್ಲಿ ಹೋಗೋಣವೆಂದರೆ ಅದು ಕೊನೆ ಕೊಯ್ದು, ಸುಲಿದು, ಬೇಯಿಸುವ ಸುಗ್ಗಿ. ಹೀಗಾಗಿ ಎಷ್ಟೋ ಮನೆಗಳಲ್ಲಿ ಗಂಡಹೆಂಡಿರು ಜೊತೆಯಾಗಿ ಸಮುದ್ರ ದಾಟಿದ್ದೇ ಇಲ್ಲ. ಮಗಳ ಬಾಣಂತನಕ್ಕೆ ಆಕೆ ಹೋಗುತ್ತಾಳೆ. ಯಜಮಾನರು ತೋಟ ಕಾಯುತ್ತಾರೆ. ಜೊತೆಯಾಗಿಯೇ ಹೋಗಬೇಕೆನ್ನುವವರು ಸುಗ್ಗಿ ಮುಗಿಸಿ ಮಾರ್ಚಿಯಲ್ಲಿ ಹೊರಟು, ಮೇ ಮುಗಿಯುವ ಮೊದಲು ಮರಳುವುದು ಲೇಸು. ತೋಟಕ್ಕೆ ನೀರು ಬಿಡುವ ಕೆಲಸವನ್ನು ನೆರೆಮನೆಯವರಿಗೆ ಒಪ್ಪಿಸಬಹುದು. ಮದ್ದಿನ ಚಿಂತೆಯನ್ನು ಒಪ್ಪಿಸಲಾಗದು.

ಇನ್ನು ಗಂಟುಮೂಟೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಬಾಯಿ ಬಿಗಿದು ದೊಡ್ಡ ಪೆಟ್ಟಿಗೆಗೆ ಹಾಕಬೇಕು. ತೊಡೆದೇವು ಗಟ್ಟಿ ಡಬ್ಬಿಯಲ್ಲಿರಲಿ. ಇಲ್ಲದಿದ್ದರೆ ಮೊಮ್ಮಗನ ಕೈಗೆ ಸೇರುವುದು ಬರಿಯ ಪುಡಿ. ಅಮೆರಿಕದಲ್ಲಿ ಇಳಿದೊಡನೆ ತಿನಿಸು ತಂದಿರುವುದನ್ನು ತಾವಾಗಿಯೇ ಹೇಳಿಬಿಡುವುದು ಕ್ಷೇಮ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ದುಬೈಗೆ ಹೊರಟವರು ಗಸಗಸೆಯನ್ನು ಮರೆತೂ ಕಟ್ಟಬಾರದು. ಅಲ್ಲಿ ಅದು ಮಾದಕ ವಸ್ತು. ವೀಳ್ಯದೆಲೆಗೂ ಅಲ್ಲಿ ಪ್ರವೇಶವಿಲ್ಲ.

ಅಂದರೆ ಕವಳದ ಸಂಚಿ ಮನೆಯಲ್ಲೇ ಉಳಿಯಬೇಕು. ಐವತ್ತು ವರ್ಷ ಸೊಂಟದಿಂದ ಅಗಲದ ಸಂಚಿ! ಮಗ ಇದನ್ನು ಫೋನಿನಲ್ಲಿ ತಿಳಿಸುವಾಗ, ಅಡಿಕೆಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ 2003ರಲ್ಲಿ ನಿರ್ಣಯಿಸಿದ ಸಂಗತಿಯನ್ನೂ ಸೇರಿಸುತ್ತಾನೆ. ಅಪ್ಪಯ್ಯ ಉತ್ತರ ಕೊಡುವುದಿಲ್ಲ. ಮಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಮಗನ ಕಾಲೇಜಿನ ಶುಲ್ಕ, ಮೊದಲ ವಿಮಾನದ ಟಿಕೀಟು, ಎಲ್ಲವೂ ಸಿರ್ಸಿಯ ಪೇಟೆಯಲ್ಲಿ ಅದೇ ಅಡಿಕೆ ತೂಗಿ ಬಂದ ಹಣ. ಇಬ್ಬರೂ ಅದನ್ನು ಬಲ್ಲರು, ಇಬ್ಬರೂ ಆಡುವುದಿಲ್ಲ.

ಹೋದಮೇಲೆ ನಯಾಗರ ನೋಡದೆ ಬರುವಂತಿಲ್ಲ. ಜೋಗ 253 ಮೀಟರು, ಇದು 50ರ ಆಚೀಚೆ ಎಂದು ಸಿದ್ದಾಪುರದವರು ಮೊದಲು ಮೂಗು ಮುರಿಯುತ್ತಾರೆ. ದೋಣಿಯಲ್ಲಿ ಹತ್ತಿರ ಹೋಗಿ ನೆನೆದಮೇಲೆ ಸುಮ್ಮನಾಗುತ್ತಾರೆ. ವಿದ್ಯುತ್ತಿಗಾಗಿ ನೀರು ತಿರುಗಿಸುವುದು ಅಲ್ಲೂ ಉಂಟು. ಆದರೆ ಪ್ರವಾಸಿಗರ ಹೊತ್ತಿನಲ್ಲಿ ಜಲಪಾತಕ್ಕೆ ಇಷ್ಟು ನೀರು ಬಿಡಲೇಬೇಕೆಂದು 1950ರಲ್ಲಿಯೇ ಎರಡು ದೇಶಗಳು ಒಪ್ಪಂದ ಮಾಡಿಕೊಂಡಿವೆ. ಬೇಸಗೆಯ ಜೋಗದ ಒಣ ಬಂಡೆಯನ್ನು ಕಂಡವರಿಗೆ ಇದು ಹೊಟ್ಟೆಕಿಚ್ಚಿನ ವಿಷಯವೇ ಸರಿ.

ಅಂಗಡಿಗೆ ಹೋದಾಗ ಪ್ರತಿಯೊಂದು ಡಾಲರನ್ನೂ ರೂಪಾಯಿಗೆ ಗುಣಿಸುವ ಚಟವನ್ನು ಮೊದಲ ವಾರಕ್ಕೇ ಬಿಡದಿದ್ದರೆ ಕಾಫಿಯೂ ಗಂಟಲಿಗಿಳಿಯದು. ಏಲಕ್ಕಿಯ ಡಬ್ಬಿಯ ಮೇಲೆ ಗ್ವಾಟೆಮಾಲಾ ಎಂದೂ ಮೆಣಸಿನ ಡಬ್ಬಿಯ ಮೇಲೆ ವಿಯೆಟ್ನಾಂ ಎಂದೂ ಓದಿ ಯಜಮಾನರು ಬಹಳ ಹೊತ್ತು ಅಲ್ಲೇ ನಿಲ್ಲುತ್ತಾರೆ. ಕೊಳ್ಳುವಾಗ ನೆಂಟರ ಪಟ್ಟಿಗಿಂತ ಮೊದಲು ಕೊನೆಗೌಡನನ್ನು ನೆನೆಯುವುದು ಒಳ್ಳೆಯದು. ಅವನಿಗೆ ಹಗುರಾದ, ನೀರಿಳಿಯದ ಮಳೆಯಂಗಿ ತಂದವರ ತೋಟಕ್ಕೆ ಜೂನಿನಲ್ಲಿ ಮದ್ದು ಮೊದಲು ಬೀಳುತ್ತದೆಂದು ನೆರೆಯವರು ಗೊಣಗುವುದುಂಟು.