ಎಡಗಾಲಿನ ಲೆಕ್ಕ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗ್ತಾ ಶಾಲೆ ಮೈದಾನಗಳನ್ನೇ ನೋಡ್ತಿದ್ದೆ. ವಾಲಿಬಾಲ್, ಖೋ ಖೋ ಅಂಕಣ ಸಿಕ್ಕವು. ಫುಟ್‌ಬಾಲ್ ಗೋಲ್ ಕಂಬ ಕಣ್ಣಿಗೆ ಬೀಳಲಿಲ್ಲ.

ಆ ಕಂಬ ನಿಲ್ಲಿಸೋದನ್ನೇ ಮಕ್ಕಳಿಗೆ ಪ್ರಾಜೆಕ್ಟ್ ಅಂತ ಕೊಟ್ಟರೆ? ನಿಯಮದ ಗೋಲ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಐದನೇ ಕ್ಲಾಸಿನವರಿಗೆ ಅದು ಊರಬಾಗಿಲು! ತಮ್ಮ ಅಳತೆಗೆ ಎಷ್ಟು ಸಾಕು ಅಂತ ಅವರೇ ಲೆಕ್ಕ ಹಾಕಿ ಅಡಿಕೆ ದಬ್ಬೆ ನೆಡಲಿ. ನಮ್ಮ ಕಡೆ ದಬ್ಬೆಗೇನು ಬರ?

ಆಮೇಲೆ ಹತ್ತು ಹೆಜ್ಜೆ ದೂರದ ಗೆಳತಿಗೆ ಎಡಗಾಲಲ್ಲಿ ಹತ್ತು ಪಾಸ್. ಎಷ್ಟು ಮುಟ್ಟಿದವು, ಯಾಕೆ ತಪ್ಪಿದವು? ಊರಿದ ಕಾಲು ಚೆಂಡಿನ ಪಕ್ಕ ಇತ್ತೋ, ಹಿಂದೆ ಉಳೀತೋ? ತಾಗಿದ್ದು ಬೆರಳ ತುದಿಯೋ, ಪಾದದ ಒಳಮಗ್ಗುಲೋ? ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟು, ಗುಂಪೇ ಒಂದು ಅಭ್ಯಾಸ ಕಟ್ಟಿಕೊಂಡು, ತಿಂಗಳು ಬಿಟ್ಟು ಮತ್ತೆ ಎಣಿಸೋದು. ಸಾಲಲ್ಲಿ ನಿಂತು ಒಂದೇ ಸಲ ಒದ್ದು ವಾಪಸ್ ಹಿಂದಕ್ಕೆ ಹೋಗ್ತಿದ್ದ ನಮ್ಮ ಆಟದ ಪೀರಿಯಡ್ ನೆನಪಾಯ್ತು.

ಕರ್ನಾಟಕ 54 ವರ್ಷಗಳ ಮೇಲೆ 2023ರಲ್ಲಿ ಫುಟ್‌ಬಾಲ್‌ನ ಸಂತೋಷ್ ಟ್ರೋಫಿ ಗೆದ್ದ ಸುದ್ದಿಯನ್ನ ಆ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಬಹುದು.

ಮಳೆ ಹಿಡಿದ ಮೇಲೆ ಒದ್ದೆ ನೆಲದಲ್ಲಿ ಅದೇ ಲೆಕ್ಕ ಇನ್ನೊಮ್ಮೆ. ಅಂಕಿ ಪೂರಾ ಬೇರೆ ಬರುತ್ತೆ. ಬಟ್ಟೆ ಒಗೆಯೋ ಅಮ್ಮಂದಿರು ನನ್ನನ್ನ ಬೈಬೇಡಿ.