ಕುಳಿ ತೋಡಿದ ಗಿಟಾರು

ಗಿಬ್ಸನ್ ಕಂಪನಿಯ ಜೆ-200 ಅನ್ನುವ ಗಿಟಾರು ಹುಟ್ಟಿದ್ದು 1930ರ ದಶಕದ ಕೊನೆಯಲ್ಲಿ, ಹಾಲಿವುಡ್‌ನ ಹಾಡುವ ಕೌಬಾಯ್‌ಗಳಿಗಾಗಿ. ದೊಡ್ಡ ಹೊಟ್ಟೆ, ದೊಡ್ಡ ದನಿ, ಮೈಮೇಲೆ ಅಲಂಕಾರ. ಕುದುರೆ ಇಳಿದು ಬೆಂಕಿಯ ಮುಂದೆ ಕೂತು ಹಾಡುವವನಿಗೆ ಹೇಳಿ ಮಾಡಿಸಿದ ವಾದ್ಯ. 1970ರ ದಶಕದ ನಡುವೆ ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲಿಷ್ ಜಾಝ್ ವಾದಕರು ಈ ಕೌಬಾಯ್ ಗಿಟಾರನ್ನೇ ಹಿಡಿದುಕೊಂಡು, ಇದನ್ನು ನನಗೆ ಬೇಕಾದ ಹಾಗೆ ಮಾಡಿಕೊಡಿ ಅಂದರು. ಗಿಬ್ಸನ್‌ಗೆ ಕೆಲಸ ಮಾಡುತ್ತಿದ್ದ ಏಬ್ರಹಾಂ ವೆಕ್ಟರ್ ಮಾಡಿಕೊಟ್ಟರು. ನಾದ ಹೊರಡುವ ದುಂಡು ಕಿಂಡಿಯ ಮೇಲೆ ಓರೆಯಾಗಿ ಏಳು ತಂತಿಗಳನ್ನು ಬಿಗಿದರು, ಶ್ರುತಿಯ ಝೇಂಕಾರಕ್ಕೆ. ಜೊತೆಗೆ ಎಡಗೈ ಬೆರಳು ಓಡಾಡುವ ಹಲಗೆಯಲ್ಲಿ, ಒಂದು ಫ್ರೆಟ್ಟಿಗೂ ಇನ್ನೊಂದು ಫ್ರೆಟ್ಟಿಗೂ ನಡುವಿನ ಮರವನ್ನು ಕೆತ್ತಿ ಕುಳಿ ತೋಡಿದರು.

ಏಳು ತಂತಿ ಫೋಟೋದಲ್ಲಿ ಎದ್ದು ಕಾಣುತ್ತದೆ, ಆದ್ದರಿಂದ ಎಲ್ಲರೂ ಅದರ ಬಗ್ಗೆಯೇ ಬರೆಯುತ್ತಾರೆ. ನನಗೆ ಆ ಕುಳಿಗಳ ಮೇಲೆಯೇ ಮೋಹ. ಅದಕ್ಕೆ ಕಾರಣ ನಮ್ಮ ಮನೆಯ ವೀಣೆ.

ಹದಿಹರೆಯದಲ್ಲಿ ನಾನು ಮೈಸೂರಿನಲ್ಲಿ ಸೋದರತ್ತೆಯ ಹತ್ತಿರ ವೀಣೆ ಕಲಿತೆ. ಕಲಿತೆ ಅನ್ನುವುದಕ್ಕಿಂತ ಕಲಿಯಲು ಕೂರಿಸಿದರು ಅನ್ನುವುದು ಸರಿ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು, ಅಂದರೆ ಫ್ರೆಟ್ಟುಗಳು, ಮರಕ್ಕೆ ತಾಗಿಕೊಂಡಿರುವುದಿಲ್ಲ. ದಂಡಿಯ ಎರಡು ಅಂಚಿನಲ್ಲಿ ಮೇಣದ ಏರಿ ಕಟ್ಟಿ, ಅದರ ಮೇಲೆ ಒಂದೊಂದಾಗಿ ಕೂರಿಸಿರುತ್ತಾರೆ. ಕೆಳಗೆಲ್ಲ ಖಾಲಿ. ಹಾಗಾಗಿ ತಂತಿಯನ್ನು ಒತ್ತಿದ ಬೆರಳಿಗೆ ಮರ ಸಿಗುವುದೇ ಇಲ್ಲ, ತಂತಿಯನ್ನು ಪಕ್ಕಕ್ಕೆ ಎಳೆದಷ್ಟೂ ಬರುತ್ತದೆ. ಒಂದೇ ಮೆಟ್ಟಿಲಿನ ಮೇಲೆ ಮೂರು ಸ್ವರ ಹತ್ತಬಹುದು, ಬೆರಳಿನಲ್ಲಿ ರಕ್ತ ಬಂದರೂ ಪರವಾಗಿಲ್ಲ ಅನ್ನುವವರು ನಾಲ್ಕನ್ನೂ ಹತ್ತಬಹುದು. ಗಮಕವೆಲ್ಲ ಆ ಖಾಲಿ ಜಾಗದಲ್ಲೇ ನಡೆಯುವ ವ್ಯವಹಾರ. ಬೇಸಿಗೆಯಲ್ಲಿ ಅತ್ತೆ ವೀಣೆಯನ್ನು ಕಿಟಕಿಯ ಹತ್ತಿರ ಇಡಲು ಬಿಡುತ್ತಿರಲಿಲ್ಲ. ಮೇಣ ಮೆತ್ತಗಾಗಿ ಮೆಟ್ಟಿಲು ಕದಲಿದರೆ ಮತ್ತೆ ಮೇಳ ಕಟ್ಟಿಸಬೇಕು, ಕಟ್ಟುವವರು ಹೇಳಿದ ದಿನ ಬರುವವರಲ್ಲ.

ಅಣ್ಣನದು ಗಿಟಾರು. ಅವನಿಲ್ಲದಾಗ ಒಮ್ಮೆ ಅದನ್ನೆತ್ತಿಕೊಂಡು ತೋಡಿ ರಾಗ ನುಡಿಸಲು ನೋಡಿದೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ತೂಗಾಡುತ್ತಲೇ ಇರಬೇಕು. ಗಿಟಾರಿನಲ್ಲಿ ಅದು ಸರ್ಕಾರಿ ಕಚೇರಿಯ ಹಳೇ ಗುಮಾಸ್ತರ ಹಾಗೆ ಕುರ್ಚಿ ಬಿಟ್ಟು ಅಲುಗಲಿಲ್ಲ. ಬೆರಳ ತುದಿ ಮರಕ್ಕೆ ಉಜ್ಜಿ, ತಂತಿ ಅಲ್ಪಸ್ವಲ್ಪ ಸರಿದು, ಮುಂದೆ ಹೋಗಲೊಲ್ಲದು. ಗಿಟಾರಿಗೂ ನಮ್ಮ ಸಂಗೀತಕ್ಕೂ ನಡುವೆ ಇರುವ ಅಡ್ಡಿ ತತ್ತ್ವದ್ದೂ ಅಲ್ಲ, ಸಂಸ್ಕೃತಿಯದೂ ಅಲ್ಲ, ಕಾಲಿಂಚಿನಷ್ಟು ಮರದ್ದು ಎಂದು ನನಗೆ ಹೊಳೆದದ್ದು ಆಗ.

ಅದು ಹೊಳೆಯುವ ಮುನ್ನ ಮೆಕ್‌ಲಾಫ್ಲಿನ್ ಬಹಳ ದೂರ ನಡೆದಿದ್ದರು. ಹುಟ್ಟಿದ್ದು 1942ರಲ್ಲಿ, ಯಾರ್ಕ್‌ಷೈರಿನ ಡಾಂಕಾಸ್ಟರ್‌ನಲ್ಲಿ. ತಾಯಿ ಪಿಟೀಲು ನುಡಿಸುತ್ತಿದ್ದರು. ಲಂಡನ್ನಿನಲ್ಲಿ ಹೆಸರು ಮಾಡಿ, 1969ರಲ್ಲಿ ನ್ಯೂಯಾರ್ಕಿಗೆ ಹೋಗಿ ಇಳಿದರು. ಫೆಬ್ರವರಿ 18ಕ್ಕೆ ಮೈಲ್ಸ್ ಡೇವಿಸ್ ಅವರ 'ಇನ್ ಎ ಸೈಲೆಂಟ್ ವೇ' ಧ್ವನಿಮುದ್ರಣದಲ್ಲಿ ಕೂತಿದ್ದರು. ಗಿಟಾರು ನುಡಿಸಲು ಬಾರದವನ ಹಾಗೆ ನುಡಿಸು ಎಂದು ಮೈಲ್ಸ್ ಅಪ್ಪಣೆ ಕೊಟ್ಟರಂತೆ. ಜಾಝ್ ಲೋಕದಲ್ಲಿ ಹೇಳಿ ಹೇಳಿ ಸವೆದ ಕತೆ ಇದು. ಆದರೆ ಬರುವುದನ್ನು ಬಿಡು ಎಂಬ ಪಾಠ ಅವರಿಗೆ ಸಿಕ್ಕಿದ್ದು ಅಲ್ಲಿಯೇ ಇರಬೇಕು. ಮುಂದಿನ ವರ್ಷ ಬಂದ 'ಬಿಚೆಸ್ ಬ್ರೂ'ನಲ್ಲಿ ಒಂದು ರಚನೆಗೆ ಮೈಲ್ಸ್ ಇವರ ಹೆಸರನ್ನೇ ಇಟ್ಟರು.

ಆಮೇಲೆ ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ಮಹಾವಿಷ್ಣು ಎಂಬ ಹೆಸರು ಪಡೆದರು, 1971ರಲ್ಲಿ 'ಮಹಾವಿಷ್ಣು ಆರ್ಕೆಸ್ಟ್ರಾ' ಕಟ್ಟಿದರು. ಈ ಹೆಸರು ನಮ್ಮ ಮನೆಯಲ್ಲಿ ಮಾಡಿದ ಅನಾಹುತವನ್ನು ಹೇಳಲೇಬೇಕು. ಅಣ್ಣ ಯಾರಿಂದಲೋ ತುಂಬಿಸಿಕೊಂಡು ಬಂದ ಕ್ಯಾಸೆಟ್ಟಿನ ಮೇಲೆ ಬರೀ 'ಮಹಾವಿಷ್ಣು' ಎಂದು ಬರೆದಿತ್ತು. ವೈಕುಂಠ ಏಕಾದಶಿಯ ಬೆಳಗ್ಗೆ ಅತ್ತೆ ಅದನ್ನು ಟೇಪ್‌ರೆಕಾರ್ಡರಿಗೆ ಹಾಕಿದರು. ಅದು 1973ರ 'ಬರ್ಡ್ಸ್ ಆಫ್ ಫೈರ್'. ಮೊದಲಿಗೆ ಮೊಳಗುವುದು ಜಾಗಟೆ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ನಂತರ ಬಿಲ್ಲಿ ಕಾಬಮ್ ಅವರ ಡ್ರಮ್ಸ್, ಜೆರಿ ಗುಡ್‌ಮನ್ ಅವರ ಪಿಟೀಲು, ಮತ್ತು ಅವೆರಡನ್ನೂ ಮೀರಿಸಿ ಕಿರುಚುವ ಗಿಟಾರು ಒಟ್ಟಿಗೆ ನುಗ್ಗಿದವು. ದೇವರ ಮನೆಯಲ್ಲಿ ಆರತಿ ತಟ್ಟೆ ಬಿತ್ತು.

ಹೀಗೆ ಕಿವಿಗಡಚಿಕ್ಕುವ ಹೊತ್ತಿನಲ್ಲೇ, ಆಶ್ಚರ್ಯವೆಂದರೆ, ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿಯುತ್ತಿದ್ದರು. ವೈಣಿಕರಾಗಲಿಲ್ಲ, ಆಗುವ ಆಸೆಯೂ ಇದ್ದಂತಿಲ್ಲ. ಆದರೆ ಮೆಟ್ಟಿಲುಗಳ ಕೆಳಗಿನ ಖಾಲಿ ಜಾಗ ಬೆರಳಿಗೆ ಒಮ್ಮೆ ಗೊತ್ತಾದ ಮೇಲೆ ಮಾಮೂಲಿ ಗಿಟಾರು ಹಿಡಿದಾಗ ಎಷ್ಟು ಉಸಿರುಗಟ್ಟಿರಬೇಕು ಎಂದು ನಾನು ಊಹಿಸಬಲ್ಲೆ.

1975ರ ಜುಲೈ 5ರಂದು, ಲಾಂಗ್ ಐಲೆಂಡಿನ ಸೌತಾಂಪ್ಟನ್ ಕಾಲೇಜಿನಲ್ಲಿ ಐದು ಜನ ಚಕ್ಕಳಮಕ್ಕಳ ಹಾಕಿ ಕೂತರು. ಗಿಟಾರಿಗೆ ಮೆಕ್‌ಲಾಫ್ಲಿನ್, ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಜಾಕಿರ್ ಹುಸೇನ್, ಘಟಕ್ಕೆ ವಿಕ್ಕು ವಿನಾಯಕರಾಂ, ಮೃದಂಗಕ್ಕೆ ರಾಮ್ನಾಡ್ ರಾಘವನ್. ಆ ಕಛೇರಿಯೇ 'ಶಕ್ತಿ' ತಂಡದ ಮೊದಲ ಧ್ವನಿಮುದ್ರಿಕೆ. ಸ್ಟೇಡಿಯಂ ನಡುಗಿಸುವ ವಾದ್ಯವೃಂದವನ್ನು ಮಾರಿ ರುಚಿ ಕಂಡಿದ್ದ ಕೊಲಂಬಿಯಾ ಕಂಪನಿಯವರಿಗೆ ಇವರು ತಂದುಕೊಟ್ಟದ್ದು ಮಡಕೆ ಬಾರಿಸುವವರನ್ನು. ಮೂರು ಧ್ವನಿಮುದ್ರಿಕೆಗಳಾದ ಮೇಲೆ ತಂಡ ನಿಂತಿತು. ವ್ಯಾಪಾರದ ಲೆಕ್ಕದಲ್ಲಿ ಅದು ಸೋಲೇ.

ಅತ್ತೆಗೆ ಈ ಕ್ಯಾಸೆಟ್ಟನ್ನು ಕೇಳಿಸಲು ಅಣ್ಣ ಬಹಳ ಕಾಡಬೇಕಾಯಿತು. ಏಕಾದಶಿಯ ನೆನಪು ಮಾಸಿರಲಿಲ್ಲ. ಮೊದಲ ರಚನೆ 'ಜಾಯ್' ಹದಿನೆಂಟು ನಿಮಿಷದ್ದು, ಅಷ್ಟೂ ಹೊತ್ತು ಓಟವೇ. "ಇವರಿಗೆ ಯಾವ ರೈಲು ತಪ್ಪಿಹೋಗತ್ತೋ?" ಎಂದರು ಅತ್ತೆ. ಎರಡನೆಯದು 'ಲೋಟಸ್ ಫೀಟ್', ನಾಲ್ಕೈದು ನಿಮಿಷದ ಪುಟ್ಟ ರಚನೆ, ವಿಳಂಬ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಅದೇನು ವಾದ್ಯವೋ?" ಗಿಟಾರು ಎಂದ ಅಣ್ಣ. "ಗಿಟಾರಲ್ಲಿ ಜಾರು ಹೀಗೆಲ್ಲಿ ಬರತ್ತೆ, ಸುಮ್ನಿರು" ಎಂದರು.

ನನ್ನ ಮತವೂ ಅತ್ತೆಯದೇ. ಮೆಕ್‌ಲಾಫ್ಲಿನ್ ಅವರ ವೇಗವನ್ನು ಹೊಗಳುವವರು ಬೇಕಾದಷ್ಟಿದ್ದಾರೆ. 1980ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಫ್ಲಮೆಂಕೋದ ಪಾಕೊ ದೆ ಲುಸಿಯಾ, ಆಲ್ ಡಿ ಮಿಯೋಲಾ ಜೊತೆ ನುಡಿಸಿದ ಕಛೇರಿ ಲೋಕಪ್ರಸಿದ್ಧ. ಕೇಳಿ ಬೆರಗಾಗುತ್ತೇನೆ, ಅಷ್ಟೇ. ಕುಳಿ ತೋಡಿಸಿಕೊಂಡದ್ದು ವೇಗಕ್ಕಾಗಿ ಅಲ್ಲವಲ್ಲ. ಒಂದು ಸ್ವರದ ಮೇಲೆ ನಿಂತು, ತಂತಿ ಎಳೆದು, ಮೇಲಿನ ಸ್ವರವನ್ನು ಸವರಿ ಮರಳುವ ಆ ಕ್ಷಣಗಳಲ್ಲಿ ಮಾತ್ರ ಮರ ಕೆತ್ತಿದ್ದು ಸಾರ್ಥಕ ಅನ್ನಿಸುತ್ತದೆ.

ಎರಡು ಸಂಗೀತಗಳನ್ನು ಬೆರೆಸುತ್ತೇವೆ ಎನ್ನುವವರು ಸಾಮಾನ್ಯವಾಗಿ ಏನಾದರೂ ಮೇಲೆ ಹಾಕುತ್ತಾರೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರಲ್ಲಿ 'ನಾರ್ವೇಜಿಯನ್ ವುಡ್' ಹಾಡಿಗೆ ಸಿತಾರ್ ಹಾಕಿದರು. ಚೆನ್ನಾಗಿಯೇ ಇದೆ, ಆದರೆ ತೆಗೆದರೂ ಹಾಡು ಹಾಡಾಗಿಯೇ ಉಳಿಯುತ್ತದೆ. ತನ್ನ ವಾದ್ಯವನ್ನೇ ಕೊರೆಯುವುದು ಬೇರೆ ಜಾತಿಯ ಕೆಲಸ, ಮತ್ತು ಅದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಶಕ್ತಿಯಲ್ಲಿ ಭಾರತೀಯನೊಬ್ಬನ ಕೈಯಲ್ಲಿದ್ದ ಪಿಟೀಲು ಮೆಕ್‌ಲಾಫ್ಲಿನ್ ತಾಯಿ ನುಡಿಸುತ್ತಿದ್ದ ವಾದ್ಯವೇ. ಸುಮಾರು ಇನ್ನೂರು ವರ್ಷದ ಹಿಂದೆ ಬಾಲುಸ್ವಾಮಿ ದೀಕ್ಷಿತರು ಕೈಗೆತ್ತಿಕೊಂಡ ಮೇಲೆ ನಾವು ಅದನ್ನು ನೆಲಕ್ಕೆ ಕೂರಿಸಿದೆವು, ಅದರ ತಲೆಯನ್ನು ಪಾದಕ್ಕೆ ಆನಿಸಿದೆವು, ಶ್ರುತಿ ಬದಲಿಸಿದೆವು. ನಮ್ಮ ಮೈಸೂರಿನ ಚೌಡಯ್ಯನವರಿಗೆ ನಾಲ್ಕು ತಂತಿಯ ನಾದ ಸಾಲದೆ ಏಳು ಮಾಡಿಕೊಂಡರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥ್, ಗಮಕ ಬರಲೆಂದು ಅದರ ಕೀಲಿಗಳನ್ನೇ ಬದಲಿಸಿದರು. ಮ್ಯಾಂಡೊಲಿನ್ ಶ್ರೀನಿವಾಸ್ ಎಂಟು ತಂತಿಯನ್ನು ಐದಕ್ಕಿಳಿಸಿದರು. ಮೆಕ್‌ಲಾಫ್ಲಿನ್ ಸಾಹಸ ಈ ಸಾಲಿಗೆ ಸೇರಿದ್ದು. ಅವರನ್ನು ಪಾಶ್ಚಾತ್ಯ ಗಿಟಾರಿಗರ ಪಟ್ಟಿಯಲ್ಲಿಟ್ಟು ಅಳೆಯುವುದಕ್ಕಿಂತ ಚೌಡಯ್ಯನವರ ಪಕ್ಕ ಕೂರಿಸಿದರೆ ಹೆಚ್ಚು ಅರ್ಥವಾಗುತ್ತಾರೆ.

ಶಕ್ತಿ ಎಂದರೆ ಪೂರ್ವ-ಪಶ್ಚಿಮ ಎನ್ನುತ್ತಾರೆ. ಅದರೊಳಗಿನ ಉತ್ತರ-ದಕ್ಷಿಣದ ಮಾತು ಯಾರೂ ಆಡುವುದಿಲ್ಲ. ತಬಲಾ ಮತ್ತು ಘಟ ಒಂದೇ ಲೆಕ್ಕದಲ್ಲಿ ಮಾತಾಡಿ, ಒಂದೇ ಮುಕ್ತಾಯಕ್ಕೆ ಬಂದು ಬೀಳುವುದು ಆ ಕಾಲಕ್ಕೆ ಅಪರೂಪ. ಅದಕ್ಕೆ ಒಬ್ಬ ಇಂಗ್ಲಿಷರ ನೆಪ ಬೇಕಾಯಿತು ನೋಡಿ. ಆ ಇಂಗ್ಲಿಷರೂ ಲಯವನ್ನು ಬಾಯಲ್ಲೇ ಕಲಿತರು. ಮುಂದೆ ವಿನಾಯಕರಾಂ ಅವರ ಮಗ ಸೆಲ್ವಗಣೇಶ್ ಜೊತೆ ಸೇರಿ ಕೊನ್ನಕೋಲ್ ಪಾಠದ ಡಿವಿಡಿಯನ್ನೂ ತಂದರು. 

1997ರಲ್ಲಿ 'ರಿಮೆಂಬರ್ ಶಕ್ತಿ' ಎಂದು ತಂಡ ಮರಳಿತು. ಶ್ರೀನಿವಾಸ್ ಬಂದರು, ಶಂಕರ್ ಮಹದೇವನ್ ಬಂದರು. 2014ರಲ್ಲಿ ಶ್ರೀನಿವಾಸ್ ತೀರಿಕೊಂಡರು, ವಯಸ್ಸು ನಲವತ್ತೈದು. 2023ರ ಜನವರಿಯಲ್ಲಿ, ಐವತ್ತರ ಸಂಭ್ರಮದ ನೆಪದಲ್ಲಿ ಶಕ್ತಿ ಬೆಂಗಳೂರಿಗೂ ಬಂತು. ಅಣ್ಣನೂ ನಾನೂ ಹೋಗಿದ್ದೆವು. ಎಂಬತ್ತೊಂದರ ಮೆಕ್‌ಲಾಫ್ಲಿನ್ ಬಿಳಿಗೂದಲಿನಲ್ಲಿ ನಗುತ್ತ ಬಂದರು. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರು. ಏಳು ತಂತಿಯ ಝೇಂಕಾರವಿಲ್ಲ, ಆ ದೊಡ್ಡ ಹೊಟ್ಟೆಯೂ ಇಲ್ಲ. ನನಗೆ ಸ್ವಲ್ಪ ಪಿಚ್ಚೆನಿಸಿದ್ದು ನಿಜ. ಆದರೆ ಜಾರು ಹಾಗೆಯೇ ಇತ್ತು, ಬೆರಳುಗಳು ಹಳೆಯ ದಾರಿ ಮರೆತಿರಲಿಲ್ಲ. ಅದೇ ವರ್ಷ ಬಂದ 'ದಿಸ್ ಮೊಮೆಂಟ್' ಧ್ವನಿಮುದ್ರಿಕೆಗೆ ಮರುವರ್ಷ ಗ್ರ್ಯಾಮಿ ಬಂತು. ಆ ಮರುವರ್ಷದ ಡಿಸೆಂಬರಿನಲ್ಲೇ ಜಾಕಿರ್ ಹುಸೇನ್ ಹೋದರು.

ಅಣ್ಣ ಈಗ ನಿವೃತ್ತ. ಅವನ ಹಳೆಯ ಗಿಟಾರಿಗೂ ಹಾಗೆ ಕುಳಿ ತೋಡಿಸಬೇಕೆಂಬ ಹುಚ್ಚು ಈಚೆಗೆ ಹತ್ತಿದೆ. ಬೆಂಗಳೂರಿನಲ್ಲಿ ಗಿಟಾರು ರಿಪೇರಿ ಮಾಡುವ ಹುಡುಗನ ಹತ್ತಿರ ತೆಗೆದುಕೊಂಡು ಹೋಗಿದ್ದ. ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಡ್ಕೊಡ್ತೀನಿ ಅಂಕಲ್, ಆದ್ರೆ ಒಂದ್ಸಲ ಕೆತ್ತಿದ್ರೆ ಮರ ವಾಪಸ್ ಹಾಕಕ್ಕಾಗಲ್ಲ" ಎಂದನಂತೆ. ಅಣ್ಣ ಯೋಚನೆ ಮಾಡಿ ಹೇಳ್ತೀನಿ ಎಂದು ಗಿಟಾರು ಹೊತ್ತುಕೊಂಡು ಮನೆಗೆ ಬಂದ. ಇನ್ನೂ ಯೋಚಿಸುತ್ತಿದ್ದಾನೆ.